ಜೋಡಿಗೆರೆಯ ರಜಿಸ್ಟರು

ನನ್ನನ್ನು ಕೊಟ್ಟದ್ದು ನನ್ನ ಅವ್ವನ ಖಾಸಾ ತಮ್ಮನಿಗೆ. ಲಗ್ನಕ್ಕೆ ಮುಂಚೆ ಅವರನ್ನು ಮಾಮಾ ಎಂದು ಕರೆಯುತ್ತಿದ್ದೆ, ಲಗ್ನವಾದ ಮೇಲೂ ಮಾಮಾ ಎಂದೇ ಕರೆದೆ. ಇಂಥ ನಾನು ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಬ್ಯಾಡಗಿ ತಾಲೂಕಿನ ಹಳ್ಳಿಗಳಿಗೆ ಹೋಗಿ, ಶಾಲೆಯ ಕಟ್ಟೆಯ ಮೇಲೆ ನಿಂತು, ರಕ್ತಸಂಬಂಧದೊಳಗೆ ಮದುವೆ ಮಾಡಬೇಡಿರೆಂದು ಜನರಿಗೆ ತಿಳಿಹೇಳುತ್ತಿದ್ದೆ. ಅದಕ್ಕೆ ನನಗೆ ಸಂಬಳವೂ ಬರುತ್ತಿತ್ತು.

ನಾನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕಿ. ಹಳ್ಳಿಯವರ ಬಾಯಲ್ಲಿ ನರ್ಸಬಾಯಿ. ಮನೆ ಬ್ಯಾಡಗಿಯಲ್ಲಿತ್ತು. ಕಾಗಿನೆಲೆ ದಾರಿಯಲ್ಲಿದ್ದ ಕೇಂದ್ರಕ್ಕೆ ದಿನಾ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಆ ಬಸ್ಸಿನ ಕಂಡಕ್ಟರು ನನ್ನ ಗಂಡನೇ. ಮನೆಯಲ್ಲಿ ಚಹಾ ಕುಡಿದು ಇಬ್ಬರೂ ಕೂಡಿಯೇ ಹೊರಡುತ್ತಿದ್ದೆವು, ಬಸ್ಸು ಹತ್ತಿದ ಮೇಲೆ ಅವರು ನನ್ನ ಗುರುತೇ ಇಲ್ಲದವರ ಹಾಗೆ ಟಿಕೆಟು ಹರಿದು ಕೊಡುತ್ತಿದ್ದರು. ಡ್ಯೂಟಿ ಅಂದರೆ ಡ್ಯೂಟಿ ಎನ್ನುವ ಮನುಷ್ಯ.

ಕೇಂದ್ರದ ಡಾಕ್ಟರು ಮೈಸೂರು ಕಡೆಯವರು. ಕೆಲಸಕ್ಕೆ ಹೊಸಬರು, ಇನ್ನೂ ಮದುವೆಯಾಗಿರಲಿಲ್ಲ. ಒಂದು ದಿನ ಅವರ ಟೇಬಲ್ಲಿಗೆ ಧಾರವಾಡದಿಂದ ಸುತ್ತೋಲೆ ಬಂತು. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ. ನಮಗೆ ಬರಬೇಕಾದ ಬುದ್ಧಿ, ಬೈಗುಳ ಎಲ್ಲ ಧಾರವಾಡದಿಂದಲೇ ಬರುತ್ತಿದ್ದವು. ಮಕ್ಕಳು ಹುಟ್ಟುವಾಗಲೇ ಊನ ಹೊತ್ತು ಹುಟ್ಟುವುದನ್ನು ತಡೆಯುವ ಬಗ್ಗೆ ಜನರಲ್ಲಿ ಅರಿವು ಮೂಡಿಸತಕ್ಕದ್ದು ಎಂದು ಅದರಲ್ಲಿತ್ತು. ಬಸುರಿಯರು ಕೊಟ್ಟ ಗುಳಿಗೆ ನುಂಗಬೇಕು, ಅಯೋಡಿನ್ ಇರುವ ಉಪ್ಪು ತಿನ್ನಬೇಕು, ಹತ್ತಿರದ ಸಂಬಂಧದಲ್ಲಿ ಲಗ್ನ ಮಾಡಬಾರದು. ಈ ಮೂರನ್ನು ಊರೂರಿಗೆ ಹೇಳಿ ವರದಿ ಕಳಿಸಬೇಕಿತ್ತು.

ಗುಳಿಗೆಯ ವಿಷಯದಲ್ಲಿ ನನಗೆ ಮೊದಲೇ ಅನುಭವವಿತ್ತು. ನಾನು ಕೊಡುತ್ತಿದ್ದೆ, ಹೆಂಗಸರು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಹಿತ್ತಲಲ್ಲಿ ಹಾಕುತ್ತಿದ್ದರು. ಒಂದು ಮನೆಯಲ್ಲಿ ಬಸುರಿಯ ಮುಖ ಬಿಳಿಚಿಕೊಂಡೇ ಇತ್ತು, ಹಿತ್ತಲಿನ ಮಲ್ಲಿಗೆ ಮಾತ್ರ ಮೈತುಂಬ ಚಿಗುರಿತ್ತು. ಉಪ್ಪಿನ ಮಾತು ಎತ್ತಿದರೆ, ಪೇಟೆಯ ಉಪ್ಪಿಗೆ ಔಷಧದ ವಾಸನೆ ಇದೆಯೆಂದು ಮೂರು ನೀರಿನಲ್ಲಿ ತೊಳೆದು ತಿನ್ನುತ್ತೇವೆಂದರು. ಉಳಿದದ್ದು ಲಗ್ನದ ವಿಷಯ. ಅದನ್ನು ನೀವೇ ಮಾತಾಡಿ, ಹೆಂಗಸರು ನಿಮ್ಮ ಮಾತು ಕೇಳ್ತಾರೆ, ನನ್ನ ಕನ್ನಡ ಇವರಿಗೆ ಹತ್ತೋಲ್ಲ ಎಂದು ಡಾಕ್ಟರು ನನಗೆ ಹೇಳಿದರು. ನಾನು ಆಗಲಿ ಎಂದೆ. ನನ್ನ ಗಂಡ ನನಗೆ ಮೊದಲೇನಾಗಬೇಕಿತ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ಸಭೆ ಕೇಂದ್ರವಿದ್ದ ಹಳ್ಳಿಯ ಶಾಲೆಯಲ್ಲೇ ಆಯಿತು. ಡಾಕ್ಟರು ಮೊದಲು ಎರಡು ಮಾತು ಹೇಳುವೆನೆಂದು ಎದ್ದರು. ರೈತರಿಗೆ ತಿಳಿಯುವ ಹಾಗೆ ಹೇಳಬೇಕೆಂದು ರಾತ್ರಿಯೆಲ್ಲ ಯೋಚಿಸಿ ಬಂದಿದ್ದರಂತೆ. ವರ್ಷವೂ ಒಂದೇ ಹೊಲದ ಬೀಜವನ್ನು ಅದೇ ಹೊಲಕ್ಕೆ ಹಾಕಿದರೆ ಬೆಳೆ ಏನಾಗುತ್ತದೆ ಎಂದು ಕೇಳಿದರು. ಮುಂದೆ ಕೂತಿದ್ದ ಊರಿನ ಹಿರಿಯ ಗೌಡರು ಚಾಳೀಸು ತೆಗೆದು ಒರೆಸಿಕೊಂಡು ಉತ್ತರ ಕೊಟ್ಟರು.

"ಬಣ್ಣ ಬರ್ತೈತ್ರಿ. ಬ್ಯಾಡಗಿ ಮೆಣಸಿನಕಾಯಿಗೆ ನಾವು ನಮ್ಮ ಹೊಲದ ಬೀಜನ ಕಾದಿಡತೀವಿ. ಹೊರಗಿಂದು ತಂದು ಹಾಕಿದ್ರ ಬಣ್ಣ ಕೆಟ್ಟು ಹೋಗ್ತೈತಿ."

ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ಡಾಕ್ಟರು ಕೂತುಬಿಟ್ಟರು. ನಾನು ಎದ್ದು ಸುತ್ತೋಲೆಯಲ್ಲಿದ್ದುದನ್ನು ನಮ್ಮ ಮಾತಿನಲ್ಲಿ ಹೇಳತೊಡಗಿದೆ. ಒಂದೇ ಮನೆತನದ ರಕ್ತದಲ್ಲಿ ಕಣ್ಣಿಗೆ ಕಾಣದ ದೋಷವೊಂದು ಅಡಗಿರಬಹುದು. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಇದ್ದರೆ ಕೂಸಿನಲ್ಲಿ ಹೊರಬರುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಆಗುವ ಸಂಭವ ಹೆಚ್ಚು ಎಂದೆ. ಚೆನ್ನಾಗಿಯೇ ಹೇಳುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ. ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕಿ ನಡುವೆ ಕೇಳಿದಳು.

"ಅಲ್ಲವಾ ನರ್ಸಬಾಯಿ, ನಿನ್ನ ಯಾರಿಗೆ ಕೊಟ್ಟಾರ?"

ಸುಳ್ಳು ಹೇಳಬಹುದಿತ್ತು. ಆದರೆ ಬಸ್ಸಿನಲ್ಲಿ ನಾನು ಅವರನ್ನು ಮಾಮಾ ಎಂದು ಕರೆಯುವುದನ್ನು ಎಲ್ಲರೂ ಕೇಳಿದವರು. "ಸೋದರಮಾವಗ ಕೊಟ್ಟಾರಬೇ" ಎಂದೆ.

ಶಾಲೆಯ ತುಂಬ ನಗೆಯೆದ್ದಿತು. ನಕ್ಕವರಲ್ಲಿ ಕುಹಕವಿರಲಿಲ್ಲ, ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಕಂಡಕ್ಟರು ಎಷ್ಟು ಗಟ್ಟಿಮುಟ್ಟಾಗಿದ್ದಾರೆ, ನಮ್ಮ ಮಗಳು ಎಷ್ಟು ಚುರುಕು ಎಂದು ಒಬ್ಬೊಬ್ಬರೂ ಸಾಕ್ಷಿ ಹೇಳತೊಡಗಿದರು. ಮರುದಿನದಿಂದ ಬಸ್ಸಿನಲ್ಲಿ ಜನ ನನ್ನ ಗಂಡನನ್ನು ಕಣ್ಣು, ಕಿವಿ, ಬೆರಳು ಎಂದು ಬಿಡಿಬಿಡಿಯಾಗಿ ಪರೀಕ್ಷಿಸುವ ಹಾಗೆ ನೋಡತೊಡಗಿದರು. ಏನಿದು ಎಂದು ಅವರು ಮನೆಗೆ ಬಂದು ಕೇಳಿದಾಗ ನಾನು ಸರ್ಕಾರದ ಕೆಲಸ ಎಂದೆ.

ಡಾಕ್ಟರಿಗೆ ಸಿಟ್ಟು ಬಂದಿತ್ತು. ಮೊದಲೇ ಹೇಳಬಾರದಿತ್ತಾ ಎಂದರು. ನೀವು ಕೇಳಲಿಲ್ಲ ಸರ್ ಎಂದೆ. ಬಾಯಿಮಾತಿನಿಂದ ಇವರಿಗೆ ಬುದ್ಧಿ ಬರುವುದಿಲ್ಲ, ಲೆಕ್ಕ ತೋರಿಸಬೇಕು ಎಂದು ಅವರು ದೊಡ್ಡದೊಂದು ರಜಿಸ್ಟರು ತರಿಸಿದರು. ಮನೆಮನೆಗೂ ಹೋಗಿ ಒಂದೊಂದು ಕುಟುಂಬಕ್ಕೆ ಒಂದೊಂದು ಪುಟದಲ್ಲಿ ವಂಶವೃಕ್ಷ ಬರೆಯಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ಸುತ್ತು. ಗಂಡ ಹೆಂಡಿರ ನಡುವೆ ಒಂದು ಗೆರೆ. ಅವರು ರಕ್ತಸಂಬಂಧಿಗಳಾಗಿದ್ದರೆ ಎರಡು ಗೆರೆ. ಹುಟ್ಟಿನಿಂದ ಊನವಿದ್ದವರ ಚೌಕವನ್ನೋ ಸುತ್ತನ್ನೋ ಮಸಿಯಿಂದ ತುಂಬಬೇಕು. ಎಲ್ಲಿ ಜೋಡಿಗೆರೆಯೋ ಅಲ್ಲಿ ಕೆಳಗೆ ಕಪ್ಪು ಹೆಚ್ಚಿರುವುದನ್ನು ಜನ ಕಣ್ಣಾರೆ ನೋಡಿ ತಿಳಿಯುತ್ತಾರೆ ಎಂಬುದು ಅವರ ನಂಬಿಕೆ.

ನಾಲ್ಕು ತಿಂಗಳು ತಿರುಗಿದೆ. ಅಂಥ ಸತ್ಕಾರವನ್ನು ನಾನು ಯಾವ ಲಸಿಕೆ ಹಾಕಲು ಹೋದಾಗಲೂ ಕಂಡಿರಲಿಲ್ಲ. ಲಸಿಕೆಯೆಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದವರು ಈಗ ಕಂಬಳಿ ಹಾಸಿ, ಕುಂದ್ರಿ ಬಾಯಾರ ಎಂದು ಮುತ್ತಜ್ಜನ ಕಾಲದಿಂದ ಶುರು ಮಾಡುತ್ತಿದ್ದರು. ಸತ್ತವರ ಹೆಸರು ಸರ್ಕಾರದ ಪುಸ್ತಕದಲ್ಲಿ ಏರುತ್ತದೆಂದು ಅತ್ತವರೂ ಇದ್ದರು. ಆದರೆ ಜೋಡಿಗೆರೆಯ ಅರ್ಥ ನಾನು ಎಷ್ಟು ಬಿಡಿಸಿ ಹೇಳಿದರೂ ಜನ ತಮ್ಮದೇ ಅರ್ಥ ಕಟ್ಟಿಕೊಂಡರು. ಎರಡು ಗೆರೆ ಎಂದರೆ ಎರಡು ಹಗ್ಗ, ಗಟ್ಟಿ ಸಂಬಂಧ. ಹೊರಗಿನಿಂದ ಹೆಣ್ಣು ತಂದ ಮನೆಯವರು ಮುಖ ಸಣ್ಣ ಮಾಡಿಕೊಂಡು, ನಮ್ಮದಕ್ಕ್ಯಾಕ ಒಂದ ಗೆರಿ ಹಾಕೀರಿ, ನಾವೇನು ಕಡಿಮಿ ಬಾಳೇ ಮಾಡೇವೇನು ಎಂದು ಕೇಳುತ್ತಿದ್ದರು.

ಗೌಡರಂತೂ ರಜಿಸ್ಟರನ್ನು ಓದಲೆಂದೇ ಕೇಂದ್ರಕ್ಕೆ ಬರತೊಡಗಿದರು. ಬೆಂಚಿನ ಮೇಲೆ ಕೂತು ಒಂದೊಂದೇ ಪುಟ ತಿರುವುತ್ತಿದ್ದರು. ಒಂದು ದಿನ ಅವರಿಗೆ ತಮ್ಮ ಅಜ್ಜನ ತಂಗಿಯ ವಂಶ ಸಿಕ್ಕಿತು. ಯಾವ ಕಾಲದಲ್ಲೋ ಜಗಳವಾಗಿ ಮಾತು ಬಿಟ್ಟ ಮನೆತನ ಅದು. ಈಗ ಹಾವೇರಿ ಹತ್ತಿರದ ಅಗಡಿಯಲ್ಲಿದೆ, ಅಲ್ಲೊಬ್ಬಳು ಲಗ್ನದ ಹುಡುಗಿ ಇದ್ದಾಳೆ ಎಂದು ಆ ಮನೆತನದಿಂದ ಪಕ್ಕದ ಊರಿಗೆ ಸೊಸೆಯಾಗಿ ಬಂದವಳೊಬ್ಬಳು ಬರೆಸಿದ್ದಳು. ಗೌಡರು ಮರುದಿನವೇ ಅಗಡಿಗೆ ಹೋಗಿ ಮೊಮ್ಮಗನಿಗೆ ಆ ಹುಡುಗಿಯನ್ನು ಗೊತ್ತು ಮಾಡಿಕೊಂಡು ಬಂದರು. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರುಗಳ ಕೆಳಗೆ 'ಪ್ರೇರಣೆ: ಸರ್ಕಾರಿ ಆರೋಗ್ಯ ಕೇಂದ್ರದ ನರ್ಸಬಾಯಾರು' ಎಂದು ಅಚ್ಚಾಗಿತ್ತು.

ಡಾಕ್ಟರು ಪತ್ರಿಕೆಯನ್ನು ಎರಡು ಸಲ ಓದಿದರು. ಆಮೇಲೆ ರಜಿಸ್ಟರು ತೆಗೆದು ತಲೆಮಾರು ಎಣಿಸಿ, ಇದು ಬಹಳ ದೂರದ ಸಂಬಂಧ, ಏನೂ ಅಪಾಯವಿಲ್ಲ ಎಂದು ಗೌಡರಿಗೆ ಸಮಾಧಾನದಿಂದ ಹೇಳಿದರು. ಗೌಡರ ಮುಖ ಇಳಿದುಹೋಯಿತು. "ಅಷ್ಟು ದೂರ ಆತೇನ್ರಿ? ಆದ್ರೂ ಎರಡು ಗೆರಿ ಹಾಕ್ರಿ" ಎಂದರು. ಡಾಕ್ಟರು ಒಪ್ಪಲಿಲ್ಲ. ಕೊನೆಗೆ ಒಂದು ಪೂರ್ತಿ ಗೆರೆ, ಅದರ ಕೆಳಗೆ ಚುಕ್ಕೆಚುಕ್ಕೆಯ ಇನ್ನೊಂದು ಗೆರೆ ಎಂದು ರಾಜಿಯಾಯಿತು.

ಲಗ್ನಕ್ಕೆ ಡಾಕ್ಟರನ್ನೂ ಕರೆದಿದ್ದರು. ಅಷ್ಟೊಂದು ಜನ ಒಂದೇ ಕಡೆ ಸೇರುತ್ತಾರೆ, ಅರಿವು ಮೂಡಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ ಎಂದು ಅವರು ಮೈಕು ಹಿಡಿದು ಕಾಲು ಗಂಟೆ ಮಾತಾಡಿದರು. ಹತ್ತಿರದ ಸಂಬಂಧದ ಮದುವೆ ಹೇಗೆ ಕೆಟ್ಟದ್ದೆಂದು ಕ್ರೋಮೋಸೋಮುಗಳ ತನಕ ಹೋಗಿ ವಿವರಿಸಿದರು. ಅವರ ಮೈಸೂರು ಕನ್ನಡ, ನಡುನಡುವೆ ಬಂದ ಆ ದೊಡ್ಡ ಶಬ್ದಗಳು ಎಲ್ಲ ಕೂಡಿ ಜನರಿಗೆ ಅದು ಭಾರೀ ಆಶೀರ್ವಾದದ ಹಾಗೆ ಕೇಳಿತು. ಮುಗಿದ ಕೂಡಲೇ ಅಕ್ಕಿಕಾಳು ಹಾಕಿದರು. ಡಾಕ್ಟರಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ನಾವಿಬ್ಬರೂ ಗೋಧಿ ಹುಗ್ಗಿ ಉಂಡು ತಿರುಗಿ ಬಂದೆವು.

ಈ ತಿರುಗಾಟದಲ್ಲೇ ನನಗೆ ಒಬ್ಬ ತಾಯಿ ಮತ್ತು ಅವಳ ಮಕ್ಕಳ ಪರಿಚಯವಾಯಿತು. ಕೇಂದ್ರದ ಹಿಂದಿನ ಓಣಿಯ ಮುಸ್ಲಿಂ ಮನೆ. ಗಂಡ ತೀರಿಕೊಂಡಿದ್ದ. ತಾಯಿ ಬ್ಯಾಡಗಿ ಪೇಟೆಯಿಂದ ಬರುವ ಮೆಣಸಿನಕಾಯಿ ಚೀಲಗಳನ್ನು ಅಂಗಳದಲ್ಲಿ ಸುರಿದುಕೊಂಡು ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸರಿಯಿದ್ದಳು, ಹದಿನಾರರ ಚಿಕ್ಕವಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಆ ಓಣಿಯಲ್ಲೆಲ್ಲ ಅವಳಷ್ಟು ಬೇಗ ತೊಟ್ಟು ಬಿಡಿಸುವವರು ಇರಲಿಲ್ಲ. ಘಾಟಿಗೆ ನಾನು ಸೀನತೊಡಗಿದರೆ ಎಣಿಸುತ್ತ ಕೂತು, ಎಷ್ಟಾಯಿತೆಂದು ಬೆರಳೆತ್ತಿ ತೋರಿಸಿ ನಗುತ್ತಿದ್ದಳು.

ತಾಯಿಯನ್ನು ಕೊಟ್ಟದ್ದು ಅವಳ ಚಿಕ್ಕಪ್ಪನ ಮಗನಿಗೆ. ಜೋಡಿಗೆರೆ ಹಾಕಿದೆ. ಕೆಳಗೆ ಎರಡು ಸುತ್ತು ಬರೆದು ಚಿಕ್ಕವಳದ್ದಕ್ಕೆ ಮಸಿ ತುಂಬಿದೆ. ಅವಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಬೆರಳಿಟ್ಟು, ಇದು ನಾನೇನು ಎಂದು ಕೈಸನ್ನೆಯಲ್ಲಿ ಕೇಳಿದಳು. ಹೌದೆಂದೆ. ನನ್ನದು ಮಾತ್ರ ಯಾಕೆ ಕಪ್ಪು ಎಂದು ಕೇಳಿದಳು. ಪೆನ್ನು ಸೋರಿತು ಎಂಬಂತೆ ಸುಳ್ಳು ಸನ್ನೆ ಮಾಡಿದೆ. ಅವಳು ನಂಬಲಿಲ್ಲ. ರಜಿಸ್ಟರಿನಲ್ಲಿ ಎದುರಿನ ಖಾಲಿ ಪುಟ ತೋರಿಸಿ ನನ್ನ ಮುಂದೆ ತಳ್ಳಿ, ನಿನ್ನದು ಬರೆ ಎಂದು ನನ್ನ ಎದೆಗೆ ಬೆರಳು ಮಾಡಿದಳು.

ನಾಲ್ಕು ತಿಂಗಳಲ್ಲಿ ಅಷ್ಟು ಮನೆಗಳ ವಂಶ ಬರೆದವಳು ನನ್ನದನ್ನು ಬರೆದಿರಲಿಲ್ಲ. ಅಲ್ಲಿಯೇ ಮೆಣಸಿನಕಾಯಿಯ ರಾಶಿಯ ಪಕ್ಕ ಕೂತು ಬರೆದೆ. ಒಂದು ಸುತ್ತು, ಒಂದು ಚೌಕ, ನಡುವೆ ಎರಡು ಗೆರೆ. ಕೆಳಗೆ ಮಗಳ ಸುತ್ತು. ಮಗಳಿಗಿಂತ ಮುಂಚೆ ಒಂದು ಗಂಡುಕೂಸು ಹುಟ್ಟಿತ್ತು. ತುಟಿ, ಅಂಗುಳು ಎರಡೂ ಸೀಳಿದ್ದವು. ಮೊಲೆ ಹಿಡಿಯಲಾಗದೆ ನಾಲ್ಕು ದಿನಕ್ಕೆ ಹೋಯಿತು. ನಾನು ಗ್ರಹಣದ ದಿನ ಬದನೆಕಾಯಿ ಹೆಚ್ಚಿದ್ದಕ್ಕೆ ಹಾಗಾಯಿತೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದರ ಚೌಕ ಬರೆದು ಮಸಿ ತುಂಬಿ, ತೀರಿಕೊಂಡವರಿಗೆ ಹಾಕುವ ಅಡ್ಡಗೆರೆ ಎಳೆದೆ. ಹುಡುಗಿ ನೋಡಿದಳು. ಆ ಪುಟ್ಟ ಕಪ್ಪು ಚೌಕದ ಮೇಲೆ ಒಂದು ಬೆರಳು, ತನ್ನ ಕಪ್ಪು ಸುತ್ತಿನ ಮೇಲೆ ಇನ್ನೊಂದು ಬೆರಳು ಇಟ್ಟು ಸ್ವಲ್ಪ ಹೊತ್ತು ಕೂತಳು. ಅವಳ ಬೆರಳಿನ ಮೆಣಸಿನ ಖಾರ ಪುಟಕ್ಕೆ ಹತ್ತಿಕೊಂಡಿತ್ತು. ಅದರ ಮೇಲೆ ಕೈಯಾಡಿಸಿ ಕಣ್ಣು ಒರೆಸಿಕೊಂಡು ನಾನು ಮತ್ತಷ್ಟು ಅತ್ತೆ. ಅವಳು ಓಡಿಹೋಗಿ ನೀರು ತಂದಳು.

ಆ ಕೂಸಿಗೆ ಹಾಗಾದದ್ದು ನಮ್ಮ ಸಂಬಂಧದಿಂದಲೇ ಏನು ಎಂದು ಒಂದು ದಿನ ಡಾಕ್ಟರನ್ನು ಕೇಳಿದೆ. ಅವರು, ಹೌದು ಅಂತಲೂ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ, ಬದನೆಕಾಯಿಯಿಂದ ಮಾತ್ರ ಅಲ್ಲ ಎಂದರು. ಅಷ್ಟು ಸಾಕಾಗಿತ್ತು. ನಾನು ಮನೆಗೆ ಹೋಗಿ ಮಾಮಾನಿಗೂ ಅಷ್ಟನ್ನೇ ಹೇಳಿದೆ. ಅವರು ಟಿಕೆಟಿನ ಕಟ್ಟು ಜೋಡಿಸುತ್ತಿದ್ದವರು ಕೈಬಿಟ್ಟು, ಮಗಳನ್ನು ಮಾತ್ರ ಹೊರಗೆ ಕೊಡೋಣ ಎಂದರು. ಮಗಳಿಗೆ ಆಗ ಆರು ವರ್ಷ.

ಕೆಲವು ವಾರಗಳ ಮೇಲೆ ಆ ತಾಯಿ ಕೇಂದ್ರಕ್ಕೆ ಬಂದಳು. ಸರದಿ ಮುಗಿಯುವ ತನಕ ಮೂಲೆಯಲ್ಲಿ ನಿಂತಿದ್ದು ನನ್ನನ್ನು ಆಚೆ ಕರೆದಳು. ರಾಣೆಬೆನ್ನೂರಿನಲ್ಲಿದ್ದ ಅವಳ ಅಣ್ಣ ತನ್ನ ಮಗನಿಗೆ ಇವಳ ದೊಡ್ಡ ಮಗಳನ್ನು ಕೇಳಿದ್ದ. ಗಂಡ ಹೋದ ಮೇಲೆ ಇವರನ್ನು ನೋಡಿಕೊಂಡವನು ಅವನೇ.

"ತವರಿಗೆ ಒಲ್ಲೆ ಅನ್ನಾಕ ನನಗ ಬಾಯಿ ಬರಂಗಿಲ್ರಿ ಬಾಯಾರ. ಹೂಂ ಅನ್ನಾಕ ಧೈರ್ಯ ಇಲ್ಲ, ಸಣ್ಣಾಕಿನ್ನ ದಿನಾ ನೋಡ್ತೇನಿ. ನಿಮ್ಮ ಪುಸ್ತಕದಾಗ ನೋಡಿ, ಸರ್ಕಾರ ಒಲ್ಲೆ ಅಂತೈತಿ ಅಂತ ಬರದ ಕೊಡ್ರಿ. ಸಿಕ್ಕಾ ಹಾಕಿ ಕೊಡ್ರಿ."

ಡಾಕ್ಟರು ಚೀಟಿ ಬರೆದರು. ರಜಿಸ್ಟರು ಪರಿಶೀಲಿಸಲಾಗಿ ಹುಡುಗ ಹುಡುಗಿ ನಿಕಟ ರಕ್ತಸಂಬಂಧಿಗಳೆಂದು ಕಂಡುಬಂದಿದ್ದು, ಈ ಮದುವೆ ಆರೋಗ್ಯದ ದೃಷ್ಟಿಯಿಂದ ಸೂಕ್ತವಲ್ಲ ಎಂದಿತ್ತು. ಸಹಿಯನ್ನೂ ಮಾಡಿದರು. ಆದರೆ ಗುಂಡು ಸಿಕ್ಕಾ, ಅಂದರೆ ಕೇಂದ್ರದ ಸರ್ಕಾರಿ ಮೊಹರು, ಒತ್ತಲು ಒಪ್ಪಲಿಲ್ಲ. ಇಂಥದಕ್ಕೆ ನಿಯಮವಿಲ್ಲ, ನನ್ನ ನೌಕರಿ ಹೋಗುತ್ತೆ ಎಂದರು. ಸಿಕ್ಕಾ ಇಲ್ಲದ ಕಾಗದ ಯಾರು ಕೇಳುತ್ತಾರೆಂದು ತಾಯಿ ಅಲ್ಲಿಂದ ಅಲುಗಲಿಲ್ಲ. ಕಡೆಗೆ ನಾನು ಔಷಧಿ ಕೊಡುವ ಕಿಟಕಿಗೆ ಹೋಗಿ, ಕಂಪೌಂಡರು ಗುಳಿಗೆಯ ಪೊಟ್ಟಣಗಳ ಮೇಲೆ ಒತ್ತುವ ರಬ್ಬರ್ ಸಿಕ್ಕಾ ತಂದು ನೇರಳೆ ಮಸಿಯಲ್ಲಿ ಒತ್ತಿಬಿಟ್ಟೆ. 'ದಿನಕ್ಕೆ ಎರಡು ಸಲ, ಊಟದ ನಂತರ' ಎಂದು ಅಚ್ಚುಕಟ್ಟಾಗಿ ಮೂಡಿತು.

ಅಣ್ಣ ಬಂದ ದಿನ ನಾನೂ ಅಲ್ಲಿರಬೇಕೆಂದು ತಾಯಿ ಹಟ ಹಿಡಿದಳು. ಅವನು ಗ್ಯಾರೇಜಿನ ಮಿಸ್ತ್ರಿ, ಒಳ್ಳೆಯ ಮನುಷ್ಯ. ಓದುವುದು ಉರ್ದು ಮಾತ್ರ. ಚೀಟಿಯನ್ನು ಬೆಳಕಿಗೆ ಹಿಡಿದು, ಸಿಕ್ಕಾವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, ಇದು ಸರ್ಕಾರದ್ದೇನು ಎಂದು ಕೇಳಿದ. ದವಾಖಾನಿಯದು ಎಂದೆ, ಅದು ಸುಳ್ಳಲ್ಲ. ಅವನು ಒಮ್ಮೆ ತಂಗಿಯನ್ನು, ಒಮ್ಮೆ ಅಂಗಳದಲ್ಲಿ ತೊಟ್ಟು ಬಿಡಿಸುತ್ತಿದ್ದ ಚಿಕ್ಕವಳನ್ನು ನೋಡಿದ.

"ಸರ್ಕಾರನ ಬ್ಯಾಡ ಅಂದ್ರ ನಾವೇನ್ ಮಾಡೂದ್ರಿ. ನಮ್ಮ ಮಂದಿ ಕೇಳಿದ್ರ ಇದನ್ನ ತೋರಸ್ತೇನಿ" ಎಂದು ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. ತಂದಿದ್ದ ಮಿಠಾಯಿಯನ್ನು ಎಲ್ಲರೂ ತಿಂದೆವು.

ತಿಂಗಳ ಮೇಲೆ ಅವನು ಮತ್ತೆ ಬಂದ. ಕನ್ನಡ ಬಲ್ಲವರು ಯಾರೋ ಸಿಕ್ಕಾವನ್ನು ಓದಿ ಹೇಳಿದ್ದರು. ಊಟದ ನಂತರ ಎಂದರೆ ಏನರ್ಥ, ಮನೆಯವಳು ಕೇಳುತ್ತಿದ್ದಾಳೆ ಎಂದು ಸಂಕೋಚದಿಂದ ಕೇಳಿದ. ಹಸಿದ ಹೊಟ್ಟೆಯಲ್ಲಿ ಓದಿದರೆ ಸಿಟ್ಟು ಬರುತ್ತದೆ, ಅದಕ್ಕೇ ಉಂಡು ಓದಬೇಕು ಎಂದು ನಾನು ಹೇಳಿದೆ. ಅವನಿಗೆ ಅದು ಸರಿಯೆನ್ನಿಸಿತು.

ಸುದ್ದಿ ಹಬ್ಬಿತು. ತವರಿಗೆ ಒಲ್ಲೆ ಎನ್ನಲಾಗದ ಹೆಂಗಸರು ಅಷ್ಟೊಂದು ಮಂದಿ ಇದ್ದಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಂತೆಯ ದಿನ ಬರುತ್ತಿದ್ದರು. ಕೆಮ್ಮು, ಮೈಕೈ ನೋವು ಎಂದು ಸರದಿಯಲ್ಲಿ ಕೂತು, ಹತ್ತಿರ ಬಂದಾಗ ದನಿ ತಗ್ಗಿಸಿ ಚೀಟಿ ಕೇಳುತ್ತಿದ್ದರು. ಭಾಷಣ ಕೇಳಿ ಒಬ್ಬರೂ ಬದಲಾಗಿರಲಿಲ್ಲ. ಬೇಡವೆಂಬುದು ಅವರ ಮನಸ್ಸಿನಲ್ಲಿ ಮೊದಲೇ ಇತ್ತು; ಅದನ್ನು ಇನ್ನೊಬ್ಬರು ಹೇಳಬೇಕಿತ್ತು. ಕೇಳಿದವರಿಗೆಲ್ಲ ಡಾಕ್ಟರು ರಜಿಸ್ಟರು ನೋಡಿಯೇ ಬರೆದರು, ದೂರದ ಸಂಬಂಧವಿದ್ದರೆ ಬರೆಯಲಿಲ್ಲ. ಸಿಕ್ಕಾ ಮಾತ್ರ ಅದೇ. ಬೇರೆ ಸಿಕ್ಕಾ ಒತ್ತಿದ ಚೀಟಿಯನ್ನು ಜನ ನಕಲಿ ಎನ್ನತೊಡಗಿದ್ದರು.

ಒಂದು ಮಧ್ಯಾಹ್ನ ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಟೇಬಲ್ಲಿನ ಮೇಲೆ ಅವರ ಊರಿನಿಂದ ಬಂದ ಕಾಗದವಿತ್ತು. ಅಕ್ಕನ ಮಗಳನ್ನು ತಂದುಕೊಳ್ಳಬೇಕೆಂದು ಮನೆಯಲ್ಲಿ ಗೊತ್ತು ಮಾಡಿದ್ದಾರೆ ಎಂದರು.

"ಅಕ್ಕನಿಗೆ ಹೇಗೆ ಬೇಡ ಅನ್ನಲಿ ಹೇಳಿ. ನನ್ನನ್ನ ಓದಿಸಿದ್ದೇ ಅವಳು."

ಅವರ ವಂಶವನ್ನು ಹೊಸ ಪುಟದಲ್ಲಿ ನಾನೇ ಬರೆದೆ. ಚೀಟಿಯ ಒಕ್ಕಣೆಯನ್ನು ಅವರೇ ಹೇಳಿದರು. ತಮಗೆ ತಾವೇ ಸಹಿ ಮಾಡಿಕೊಳ್ಳುವುದು ಸರಿಯಲ್ಲವೆಂದು ನನ್ನಿಂದ ಮಾಡಿಸಿದರು. ಸಿಕ್ಕಾ ಒತ್ತುವಾಗ ನೀವು ಓದಿದವರು, ಇದು ಬೇಕೇ ಎಂದು ಕೇಳಿದೆ. ಹಾಕಿ ಎಂದರು. ಅವರ ಅಕ್ಕ ಮೂರು ತಿಂಗಳು ಕಾಗದ ಬರೆಯಲಿಲ್ಲ, ಆಮೇಲೆ ಬರೆದಳಂತೆ.

ಆ ತಾಯಿಯ ದೊಡ್ಡ ಮಗಳನ್ನು ಕರ್ಜಗಿಗೆ ಕೊಟ್ಟರು. ರಕ್ತಸಂಬಂಧವೇನೂ ಇಲ್ಲದ ಮನೆ. ಹುಡುಕಿ ಕೊಟ್ಟವನು ರಾಣೆಬೆನ್ನೂರಿನ ಅಣ್ಣನೇ. ಬಸುರಿಯಾಗಿ ತವರಿಗೆ ಬಂದುಹೋಗುವಾಗಲೆಲ್ಲ ಗುಳಿಗೆಯನ್ನು ನನ್ನ ಎದುರೇ ನುಂಗಿಸುತ್ತಿದ್ದೆ. ಬಾಣಂತನಕ್ಕೆ ತವರಿಗೆ ಬಂದಳು, ಹೆಣ್ಣುಕೂಸು. ಎರಡು ತಿಂಗಳಾದ ಮೇಲೆ ಲಸಿಕೆ ಹಾಕಲು ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದರೆ ಓಣಿಯ ಜನ ಬಾಗಿಲ ಮುಂದೆ ನಿಂತು ತಕರಾರು ಮಾಡುತ್ತಿದ್ದರು. ಒಳಗಿನಿಂದ ತಾಟು ಬಡಿಯುವ ಸದ್ದು ಬರುತ್ತಿತ್ತು.

ಚಿಕ್ಕವಳು ತೊಟ್ಟಿಲ ತಲೆಯ ಕಡೆ ನಿಂತು ಸ್ಟೀಲಿನ ತಾಟಿಗೆ ಸೌಟಿನಿಂದ ಬಡಿಯುತ್ತಿದ್ದಳು. ಬಡಿದ ಕೂಡಲೇ ಬಗ್ಗಿ ಕೂಸಿನ ಮುಖ ನೋಡುತ್ತಿದ್ದಳು. ಕೂಸು ಬೆಚ್ಚಿ ಕೈ ಚಾಚಿ ಅಳುತ್ತಿತ್ತು. ಅಳುವುದು ಅವಳಿಗೆ ಕೇಳುತ್ತಿರಲಿಲ್ಲ, ಬಾಯಿ ತೆರೆದದ್ದು ಕಾಣುತ್ತಿತ್ತು. ಕೂಸು ಹುಟ್ಟಿದ ಮೂರನೆಯ ದಿನದಿಂದ ಇದೇ ನಡೆದಿದೆ, ಒಂದು ದಿನ ಕೇಳಿದ್ದು ಮರುದಿನವೂ ಕೇಳುತ್ತದೋ ಇಲ್ಲವೋ ಎಂಬ ಅನುಮಾನ ಅವಳಿಗೆ, ಎಷ್ಟು ಹೇಳಿದರೂ ಬಿಡುವುದಿಲ್ಲ ಎಂದು ತಾಯಿ ಹೇಳಿದಳು. ನನ್ನನ್ನು ಕಂಡ ಹುಡುಗಿ ಕೈಹಿಡಿದು ತೊಟ್ಟಿಲ ಹತ್ತಿರ ಎಳೆದುಕೊಂಡು ಹೋದಳು. ನಾನು ಸರಿಯಾಗಿ ನೋಡುತ್ತಿದ್ದೇನೆಯೇ ಎಂದು ಒಮ್ಮೆ ತಿರುಗಿ ಖಾತ್ರಿ ಮಾಡಿಕೊಂಡು, ಸೌಟನ್ನು ಮೇಲೆತ್ತಿ, ಇನ್ನೊಮ್ಮೆ ಜೋರಾಗಿ ಬಡಿದಳು.